ವೈದ್ಯೋಪಕರಣಗಳ ದುರಸ್ತಿ ಮತ್ತು ದುರಸ್ತಿಗಾರರು: ಒಂದು ಚಾರಿತ್ರಿಕ ವಿವೇಚನೆ

ಆಧುನಿಕ ವೈದ್ಯವಿದ್ಯೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಮೂರು ಬಗೆಯ ಜನರನ್ನು ಮುಂದಿಟ್ಟುಕೊಂಡು ಬರೆದಿದ್ದಾರೆ. ರೋಗದ ಕಾರಣವನ್ನು ಕಂಡುಹಿಡಿದ ವಿಜ್ಞಾನಿ ಒಬ್ಬ. ಹೊಸ ಚಿಕಿತ್ಸೆಯನ್ನು ಧೈರ್ಯದಿಂದ ಕೈಗೊಂಡ ವೈದ್ಯ ಇನ್ನೊಬ್ಬ. ಹೊಸ ಯಂತ್ರವನ್ನು ನಿರ್ಮಿಸಿದವನು ಮತ್ತೊಬ್ಬ. ಯಂತ್ರವು ಆಸ್ಪತ್ರೆಗೆ ಬಂದ ಮೇಲೆ ಅದನ್ನು ದಿನದಿನವೂ ಕೆಲಸಕ್ಕೆ ಒದಗುವಂತೆ ಕಾಪಾಡಿದವರು ಯಾರು, ಅದು ಕೆಟ್ಟು ನಿಂತಾಗ ಸರಿಪಡಿಸಿದವರು ಯಾರು ಎಂಬ ಪ್ರಶ್ನೆಯನ್ನು ಈ ಗ್ರಂಥಗಳಲ್ಲಿ ಕೇಳಿರುವುದು ವಿರಳ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ದುರಸ್ತಿಯೆಂಬುದು ಸಫಲವಾದಷ್ಟೂ ಗುರುತುಳಿಸದೆ ಹೋಗುವ ಕೆಲಸ. ಸರಿಯಾಗಿ ನಡೆಯುತ್ತಿರುವ ಯಂತ್ರವನ್ನು ಕುರಿತು ಯಾರೂ ಪತ್ರ ಬರೆಯುವುದಿಲ್ಲ, ವರದಿ ಸಲ್ಲಿಸುವುದಿಲ್ಲ. ಬರೆಹವಿಲ್ಲದ ಕಡೆ ಚರಿತ್ರಕಾರನ ಕಣ್ಣೂ ಹೋಗುವುದಿಲ್ಲ. ಶಾಸನ ಹಾಕಿಸಿದ ಅರಸನ ಹೆಸರು ನಮಗೆ ತಿಳಿದಿದೆ, ಕೆರೆಯ ಏರಿಯನ್ನು ವರ್ಷವರ್ಷವೂ ಕಾಯ್ದವರ ಹೆಸರು ತಿಳಿದಿಲ್ಲ. ಇಲ್ಲಿಯೂ ಹಾಗೆಯೇ.

ಪ್ರಸ್ತುತ ಲೇಖನದಲ್ಲಿ ಈ ದುರಸ್ತಿಗಾರರ ಸಮಗ್ರ ಚರಿತ್ರೆಯನ್ನು ಹೇಳುವ ಉದ್ದೇಶ ನಮಗಿಲ್ಲ. ಒಂದೆರಡು ಹಳೆಯ ಸಂಗತಿಗಳನ್ನು ಸೂಚಿಸಿ, ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ನಡೆದ ಒಂದು ನಿದರ್ಶನವನ್ನು ತಕ್ಕಮಟ್ಟಿಗೆ ವಿಸ್ತಾರವಾಗಿ ಪರಿಶೀಲಿಸಿ, ಅದರಿಂದ ಈ ವೃತ್ತಿಯ ಸ್ವರೂಪದ ಬಗ್ಗೆ ಏನು ತಿಳಿದುಬರುತ್ತದೆಂಬುದನ್ನು ನೋಡುವುದಷ್ಟೇ ನಮ್ಮ ಇಷ್ಟ.

ವಿದ್ಯುಚ್ಛಕ್ತಿಯು ಆಸ್ಪತ್ರೆಯನ್ನು ಪ್ರವೇಶಿಸುವ ಮುನ್ನ ವೈದ್ಯನ ಉಪಕರಣಗಳು ಬಹುಮಟ್ಟಿಗೆ ಅವನ ಕೈಯಳತೆಯಲ್ಲಿಯೇ ಇದ್ದವು. ಚೂರಿಗೆ ಸಾಣೆ ಹಿಡಿಯಬಲ್ಲವನು, ಗಾಜಿನ ನಳಿಕೆಯನ್ನು ಊದಬಲ್ಲವನು ಊರಿನಲ್ಲಿದ್ದರೆ ಸಾಕಾಗುತ್ತಿತ್ತು. ೧೮೯೫ರಲ್ಲಿ ಕ್ಷ-ಕಿರಣಗಳು ಗೋಚರವಾದ ಮೇಲೆ ಈ ಸ್ಥಿತಿ ಬದಲಾಯಿತು. ಹಾಲೆಂಡಿನ ಲೈಡನ್ ನಗರದಲ್ಲಿ ವಿಲೆಮ್ ಐಂತೋವೆನ್ನರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೃದಯದ ವಿದ್ಯುತ್ ಸ್ಪಂದನವನ್ನು ದಾಖಲಿಸಲು ನಿರ್ಮಿಸಿದ ತಂತು ಗ್ಯಾಲ್ವನೋಮೀಟರ್ ಈ ಬದಲಾವಣೆಗೆ ಒಳ್ಳೆಯ ಸಾಕ್ಷಿ. ಬೆಳ್ಳಿಯ ಲೇಪವಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣನೆಯ ಸ್ಫಟಿಕದ ಎಳೆಯೊಂದನ್ನು ಭಾರಿ ವಿದ್ಯುದಯಸ್ಕಾಂತದ ಧ್ರುವಗಳ ನಡುವೆ ತೂಗಬಿಟ್ಟು, ಹೃದಯದಿಂದ ಬಂದ ಅತ್ಯಲ್ಪ ಪ್ರವಾಹಕ್ಕೆ ಅದು ಅಲುಗುವುದನ್ನು ಛಾಯಾಚಿತ್ರದ ಫಲಕದ ಮೇಲೆ ಹಿಡಿಯುವ ವ್ಯವಸ್ಥೆ ಅದು. ಯಂತ್ರದ ತೂಕ ಸುಮಾರು ೨೭೦ ಕಿಲೋಗ್ರಾಂ. ಕಾಯ್ದ ಅಯಸ್ಕಾಂತವನ್ನು ತಣಿಸಲು ನೀರು ಹರಿಯುತ್ತಿರಬೇಕು. ನಡೆಸಲು ಐದು ಮಂದಿ ಬೇಕು. ಇಂಥ ಯಂತ್ರದಲ್ಲಿ ಎಳೆ ಕಡಿದರೆ ವೈದ್ಯನಿಗೆ ದಿಕ್ಕಿಲ್ಲ. ಐಂತೋವೆನ್ನರಿಗೆ ೧೯೨೪ರಲ್ಲಿ ನೊಬೆಲ್ ಬಹುಮಾನ ಬಂದಾಗ ಅದರ ಅರ್ಧವನ್ನು ತಮ್ಮ ಹಳೆಯ ಸಹಾಯಕ ವಾನ್ ಡರ್ ವುರ್ಡ್ ಎಂಬಾತನಿಗೆ ಕೊಡಬೇಕೆಂದು ಹುಡುಕಿಸಿದರೆಂದೂ, ಆತನು ಆ ವೇಳೆಗೆ ತೀರಿಕೊಂಡಿದ್ದನಾಗಿ ಬಡತನದಲ್ಲಿದ್ದ ಅವನ ಸೋದರಿಯರಿಗೆ ಆ ಹಣವನ್ನು ಒಪ್ಪಿಸಿದರೆಂದೂ ಒಂದು ಹೇಳಿಕೆಯುಂಟು. ಇದು ಹೇಳಿಕೆಯೇ ಹೊರತು ದಾಖಲೆಯಲ್ಲ. ಆದರೆ ಇಂಥದೊಂದು ಕಥೆ ವೈದ್ಯರಲ್ಲಿಯೇ ಹಬ್ಬಿಕೊಂಡು ಬಂದಿರುವುದು, ಸಲ್ಲಬೇಕಾದ ಋಣವೊಂದು ಸಂದಿಲ್ಲವೆಂಬ ಭಾವನೆ ಅವರಿಗೂ ಇದ್ದುದನ್ನು ತೋರಿಸುತ್ತದೆ.

ಮೊದಲನೆಯ ಮಹಾಯುದ್ಧದಲ್ಲಿ ಮೇರಿ ಕ್ಯೂರಿಯವರು ಫ್ರಾನ್ಸಿನ ರಣರಂಗಕ್ಕೆ ಕ್ಷ-ಕಿರಣ ಯಂತ್ರಗಳನ್ನು ಒಯ್ದ ಸಂಗತಿ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಸುಮಾರು ೨೦ ಮೋಟಾರು ಗಾಡಿಗಳನ್ನು ಅವರು ಸಜ್ಜುಗೊಳಿಸಿದರು. ಗಾಡಿಯ ಎಂಜಿನ್ನಿನಿಂದಲೇ ಡೈನಮೋ ತಿರುಗಿ ಯಂತ್ರಕ್ಕೆ ವಿದ್ಯುತ್ತು ದೊರೆಯುತ್ತಿತ್ತು. ಇದಲ್ಲದೆ ಸುಮಾರು ೨೦೦ ಆಸ್ಪತ್ರೆಗಳಲ್ಲಿ ಸ್ಥಿರವಾದ ಕ್ಷ-ಕಿರಣ ಕೊಠಡಿಗಳನ್ನು ಏರ್ಪಡಿಸಿದರು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ನಮ್ಮ ದೃಷ್ಟಿಯಿಂದ ಹೆಚ್ಚು ಗಮನಾರ್ಹವಾದುದು ೧೯೧೬ರಿಂದ ಅವರು ನಡೆಸಿದ ಶಿಕ್ಷಣ ತರಗತಿ. ಸುಮಾರು ೧೫೦ ಮಂದಿ ಹೆಂಗಸರು ಅಲ್ಲಿ ವಿದ್ಯುತ್ತಿನ ಮೂಲತತ್ತ್ವಗಳನ್ನೂ ಅಂಗರಚನೆಯನ್ನೂ ಕಲಿತು ಯಂತ್ರಗಳನ್ನು ನಡೆಸಲು ಹೋದರು. ಎರಡು ಬಾರಿ ನೊಬೆಲ್ ಬಹುಮಾನ ಪಡೆದ ವಿದುಷಿ ಸ್ವತಃ ಗಾಡಿ ಓಡಿಸಲು, ಚಕ್ರ ಬದಲಾಯಿಸಲು, ಕಾರ್ಬ್ಯುರೇಟರನ್ನು ಶುಚಿ ಮಾಡಲು ಕಲಿತಿದ್ದರು. ಯಂತ್ರವನ್ನು ರಣರಂಗಕ್ಕೆ ಕಳುಹಿಸುವುದೆಂದರೆ ಅದನ್ನು ನೋಡಿಕೊಳ್ಳಬಲ್ಲ ಒಬ್ಬರನ್ನು ಜೊತೆಗೆ ಕಳುಹಿಸುವುದೆಂದೇ ಅರ್ಥವೆಂಬುದನ್ನು ಅವರು ಅರಿತಿದ್ದರು. ನೂರು ವರ್ಷಗಳ ಅನಂತರವೂ ಉಪಕರಣ ಖರೀದಿಯ ಸಮಿತಿಗಳು ಈ ಮಾತನ್ನು ಮರೆಯುವುದುಂಟು. ಅದನ್ನು ಮುಂದೆ ನೋಡೋಣ.

ಈಗ ಮಿನಿಯಾಪೊಲಿಸ್ಸಿನ ನಿದರ್ಶನಕ್ಕೆ ಬರೋಣ. ಅರ್ಲ್ ಬ್ಯಾಕನ್ನರು ೧೯೨೪ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧದಲ್ಲಿ ವಿಮಾನದಳವನ್ನು ಸೇರಿ ರೇಡಾರ್ ಯಂತ್ರಗಳ ನಿರ್ವಹಣೆಯನ್ನು ಕಲಿಸುವ ಬೋಧಕರಾಗಿದ್ದರು. ಯುದ್ಧಾನಂತರ ೧೯೪೮ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾನಿಲಯದಿಂದ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದು, ಅಲ್ಲಿಯೇ ಹೆಚ್ಚಿನ ವ್ಯಾಸಂಗದಲ್ಲಿದ್ದರು. ಅವರ ಪತ್ನಿ ನಗರದ ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸದಲ್ಲಿದ್ದರು. ಸಂಜೆ ಪತ್ನಿಯನ್ನು ಕರೆದುಕೊಂಡು ಹೋಗಲು ಬರುತ್ತಿದ್ದ ಈ ಎಂಜಿನಿಯರನಿಗೆ ವಿದ್ಯುದುಪಕರಣಗಳ ವಿಷಯ ತಿಳಿದಿದೆಯೆಂದು ಗೊತ್ತಾದ ಕೂಡಲೆ, ಕೆಟ್ಟುಹೋಗಿದ್ದ ಒಂದೊಂದೇ ಯಂತ್ರ ಅವರ ಮುಂದೆ ಬಂದು ಕುಳಿತುಕೊಳ್ಳಲಾರಂಭಿಸಿತು. ಆ ಕಾಲದ ಆಸ್ಪತ್ರೆಗಳಲ್ಲಿ ಸೂಕ್ಷ್ಮವಾದ ಎಲೆಕ್ಟ್ರಾನಿಕ್ ಉಪಕರಣಗಳು ಹೆಚ್ಚುತ್ತಿದ್ದುವೇ ಹೊರತು ಅವುಗಳನ್ನು ಬಿಚ್ಚಿ ನೋಡಬಲ್ಲವರು ಇರಲಿಲ್ಲ. ಈ ಕೊರತೆಯಲ್ಲಿ ಒಂದು ಜೀವನೋಪಾಯವಿದೆಯೆಂದು ಕಂಡುಕೊಂಡ ಬ್ಯಾಕನ್ನರು ೧೯೪೯ರ ಏಪ್ರಿಲ್‌ನಲ್ಲಿ ತಮ್ಮ ಬಂಧು ಪಾಮರ್ ಹರ್ಮಂಡ್ಸ್ಲಿಯವರೊಡನೆ ವೈದ್ಯೋಪಕರಣಗಳ ದುರಸ್ತಿ ಅಂಗಡಿಯೊಂದನ್ನು ತೆರೆದರು. ಮೋಟಾರು ಕಾರು ನಿಲ್ಲಿಸುವ ಷೆಡ್ಡೇ ಅಂಗಡಿ. ಅದಕ್ಕಿಟ್ಟ ಹೆಸರು ಮೆಡ್‌ಟ್ರಾನಿಕ್. ಮೊದಲ ತಿಂಗಳಿನ ಒಟ್ಟು ಸಂಪಾದನೆ ೮ ಡಾಲರ್. ಅದೂ ಒಂದು ಸೆಂಟ್ರಿಫ್ಯೂಜನ್ನು ಸರಿಪಡಿಸಿದುದಕ್ಕೆ.

ಮುಂದಿನ ಕೆಲವು ವರ್ಷಗಳ ವ್ಯವಹಾರ ಹೇಳಿಕೊಳ್ಳುವಂಥದಲ್ಲ. ದುರಸ್ತಿಯಿಂದ ಹೊಟ್ಟೆ ತುಂಬದೆ ಸ್ಯಾನ್‌ಬಾರ್ನ್ ಕಂಪೆನಿಯ ಉಪಕರಣಗಳ ಪ್ರತಿನಿಧಿಗಳಾಗಿ ಮಾರಾಟವನ್ನೂ ಕೈಗೊಂಡರು. ಆದರೆ ಚರಿತ್ರಕಾರನಿಗೆ ಮುಖ್ಯವಾದುದು ಆಗ ನಡೆದ ಓಡಾಟ. ಈ ಕೆಲಸದ ನೆವದಿಂದ ಬ್ಯಾಕನ್ನರು ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಗಳಿಗೂ ಶಸ್ತ್ರಚಿಕಿತ್ಸೆಯ ಕೊಠಡಿಗಳಿಗೂ ಹೋಗಿಬರುತ್ತಿದ್ದರು. ಯಂತ್ರವನ್ನು ವಿನ್ಯಾಸ ಮಾಡಿದವನು ಕಾರ್ಖಾನೆಯ ಮೇಜಿನ ಮೇಲೆ ಅದನ್ನು ಕಂಡಿರುತ್ತಾನೆ. ದುರಸ್ತಿಗಾರನು ಕಾಣುವುದು ರಕ್ತ, ಬೆವರು, ಅವಸರ, ಒಂದೇ ಪ್ಲಗ್ಗಿಗೆ ನಾಲ್ಕು ತಂತಿಗಳು ಇವುಗಳ ನಡುವೆ. ಯಂತ್ರದ ನಿಜವಾದ ಗುಣಾವಗುಣಗಳು ತಿಳಿಯುವುದು ಅಲ್ಲಿಯೇ.

ಅದೇ ವಿಶ್ವವಿದ್ಯಾನಿಲಯದಲ್ಲಿ ವಾಲ್ಟನ್ ಲಿಲೆಹೈಯವರು ೧೯೫೪ರಿಂದ ಮಕ್ಕಳ ಹೃದಯವನ್ನು ತೆರೆದು ಹುಟ್ಟುದೋಷಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ನಡೆಸುತ್ತಿದ್ದರು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿರುವ ರಂಧ್ರವನ್ನು ಹೊಲಿಯುವಾಗ, ಬಡಿತದ ಸಂಜ್ಞೆಯನ್ನು ಒಯ್ಯುವ ಸೂಕ್ಷ್ಮ ತಂತುಗಳಿಗೆ ಕೆಲವೊಮ್ಮೆ ಪೆಟ್ಟಾಗುತ್ತಿತ್ತು. ಹೊಲಿಗೆ ಸರಿಯಾಗಿದ್ದರೂ ಬಡಿತ ಕುಂಠಿತವಾಗಿ ಮಗು ಸಾಯುತ್ತಿತ್ತು. ಕೆಲವು ದಿನಗಳವರೆಗೆ ಹೇಗಾದರೂ ಬಡಿತವನ್ನು ನಡೆಸಿಕೊಂಡು ಹೋದರೆ ಅನೇಕ ಮಕ್ಕಳಲ್ಲಿ ಆ ತಂತುಗಳು ತಾವಾಗಿಯೇ ಚೇತರಿಸಿಕೊಳ್ಳುತ್ತಿದ್ದವು. ಬಾಸ್ಟನ್ ನಗರದ ಪಾಲ್ ಜೋಲ್ ಅವರು ೧೯೫೨ರಲ್ಲಿ ಎದೆಯ ಮೇಲಿಂದ ವಿದ್ಯುತ್ತನ್ನು ಹಾಯಿಸಿ ಹೃದಯವನ್ನು ಬಡಿಯಿಸುವ ಕ್ರಮವನ್ನು ತೋರಿಸಿದ್ದರು. ಆದರೆ ಚರ್ಮದ ಮೂಲಕ ಹೃದಯವನ್ನು ಮುಟ್ಟಬೇಕಾದರೆ ಬಲವಾದ ಆಘಾತವೇ ಬೇಕಾಗುತ್ತಿತ್ತು, ಚರ್ಮ ಸುಡುತ್ತಿತ್ತು, ಎಳೆಯ ಮಕ್ಕಳು ಅದನ್ನು ದಿನಗಟ್ಟಲೆ ತಾಳುವುದು ಅಸಾಧ್ಯ. ಲಿಲೆಹೈಯವರ ತಂಡ ೧೯೫೭ರ ಜನವರಿಯಲ್ಲಿ ಸಣ್ಣ ತಂತಿಯೊಂದನ್ನು ನೇರವಾಗಿ ಹೃದಯದ ಸ್ನಾಯುವಿಗೇ ಹೊಲಿದು, ಅದರ ತುದಿಯನ್ನು ಎದೆಯಿಂದ ಹೊರತಂದು, ಶರೀರಶಾಸ್ತ್ರದ ಪ್ರಯೋಗಶಾಲೆಯಲ್ಲಿ ಬಳಕೆಯಲ್ಲಿದ್ದ ಗ್ರಾಸ್ ಎಂಬ ಪ್ರಚೋದಕ ಯಂತ್ರಕ್ಕೆ ಜೋಡಿಸಿತು. ಈಗ ಅತ್ಯಲ್ಪ ವಿದ್ಯುತ್ತು ಸಾಕಾಯಿತು. ಮಕ್ಕಳು ಬದುಕತೊಡಗಿದರು. ಚೇತರಿಸಿಕೊಂಡ ಮೇಲೆ ತಂತಿಯನ್ನು ಮೆಲ್ಲನೆ ಎಳೆದು ತೆಗೆದುಬಿಡಬಹುದಾಗಿತ್ತು.

ಒಂದು ಅನನುಕೂಲ ಉಳಿಯಿತು. ಗ್ರಾಸ್ ಯಂತ್ರ ದೊಡ್ಡದು. ಅದರ ಪ್ಲಗ್ಗು ಗೋಡೆಯಲ್ಲಿ. ಮಗುವನ್ನು ಬೇರೊಂದು ಕೊಠಡಿಗೆ ಸಾಗಿಸಬೇಕಾದರೆ ಉದ್ದುದ್ದನೆಯ ತಂತಿಗಳನ್ನು ಮೊಗಸಾಲೆಗಳಲ್ಲಿ ಎಳೆಯಬೇಕಾಗುತ್ತಿತ್ತು. ಮಗುವಿನ ಪ್ರಪಂಚ ತಂತಿಯ ಉದ್ದದಷ್ಟೇ. ೧೯೫೭ರ ಅಕ್ಟೋಬರ್ ೩೧ರಂದು ಮಿನಿಯಾಪೊಲಿಸ್ಸಿನಲ್ಲಿ ಗಂಟೆಗಳ ಕಾಲ ವಿದ್ಯುತ್ತು ನಿಂತುಹೋಯಿತು. ಶಸ್ತ್ರಚಿಕಿತ್ಸೆಯ ಕೊಠಡಿಗಳಿಗೆ ತುರ್ತು ವಿದ್ಯುತ್ತಿನ ಏರ್ಪಾಡಿತ್ತು, ರೋಗಿಗಳ ಕೊಠಡಿಗಳಿಗೆ ಇರಲಿಲ್ಲ. ಆ ದಿನ ಒಂದು ಮಗು ತೀರಿಕೊಂಡಿತೆಂದು ಬ್ಯಾಕನ್ನರು ಮುಂದೆ ಹೇಳಿದ್ದಾರೆ; ಅನೇಕ ಗ್ರಂಥಗಳಲ್ಲಿಯೂ ಹಾಗೆಯೇ ಬಂದಿದೆ. ಈ ಮಾತು ದಶಕಗಳ ಅನಂತರದ ಸ್ಮರಣೆಯನ್ನು ಆಧರಿಸಿದ್ದೆಂಬುದನ್ನು ಚರಿತ್ರೆಯ ವಿದ್ಯಾರ್ಥಿ ಗಮನದಲ್ಲಿಡಬೇಕು. ಅದು ಹೇಗೇ ಇರಲಿ, ಬ್ಯಾಟರಿಯಿಂದ ನಡೆಯುವ ಉಪಕರಣವೊಂದನ್ನು ಮಾಡಿಕೊಡಲು ಸಾಧ್ಯವೇ ಎಂದು ಲಿಲೆಹೈಯವರು ಕೇಳಿದರು. ಅವರು ಕೇಳಿದ್ದು ಖ್ಯಾತ ಕಾರ್ಖಾನೆಯನ್ನಲ್ಲ, ತಮ್ಮ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವರನ್ನು.

ಬ್ಯಾಕನ್ನರ ಮನಸ್ಸು ಮುಂದೆ ನಡೆದ ರೀತಿ ನಮಗೆ ಬಹಳ ಬೋಧಪ್ರದವಾಗಿ ಕಾಣುತ್ತದೆ. ಅವರ ಮೊದಲ ಯೋಚನೆ ಯಾವ ದುರಸ್ತಿಗಾರನಿಗೂ ಹೊಳೆಯುವಂಥದೇ: ಇರುವ ಯಂತ್ರವನ್ನು ಹಾಗೆಯೇ ಇಟ್ಟುಕೊಂಡು, ಮೋಟಾರು ಕಾರಿನ ಬ್ಯಾಟರಿಯನ್ನು ಗಾಲಿಯ ಮೇಜಿನ ಮೇಲಿರಿಸಿ, ಅದರ ವಿದ್ಯುತ್ತನ್ನು ಗೋಡೆಯ ವಿದ್ಯುತ್ತಿನ ಮಾದರಿಗೆ ಪರಿವರ್ತಿಸಿ ಯಂತ್ರಕ್ಕೆ ಊಡುವುದು. ಸ್ವಲ್ಪ ಯೋಚಿಸಿದ ಮೇಲೆ ಇದು ಸುತ್ತುಬಳಸಿನ ದಾರಿಯೆಂದು ಅವರಿಗೆ ತೋರಿತು. ಹೃದಯಕ್ಕೆ ಬೇಕಾದುದು ಅತ್ಯಲ್ಪ ವಿದ್ಯುತ್ತು. ಅಷ್ಟನ್ನು ಕೊಡಲು ನೂರಾರು ವೋಲ್ಟಿನ ಯಂತ್ರವೇಕೆ? ಆಗ ಅವರಿಗೆ ನೆನಪಾದುದು ೧೯೫೬ರ ಏಪ್ರಿಲ್ ತಿಂಗಳ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಬಂದಿದ್ದ ಒಂದು ನಕ್ಷೆ. ಅದು ಸಂಗೀತ ಕಲಿಯುವವರಿಗೆ ತಾಳ ತೋರಿಸುವ ಮೆಟ್ರೋನೋಮ್ ಎಂಬ ಸಾಧನದ ನಕ್ಷೆ. ಎರಡು ಟ್ರಾನ್ಸಿಸ್ಟರುಗಳಿಂದ ಮಾಡಿದ್ದು. ನಿಯತವಾದ ಲಯದಲ್ಲಿ ಟಿಕ್ ಟಿಕ್ ಎನ್ನುವುದಷ್ಟೇ ಅದರ ಕೆಲಸ. ಟಿಕ್ ಎನಿಸುವ ಧ್ವನಿವರ್ಧಕವನ್ನು ತೆಗೆದುಹಾಕಿ ಆ ಸಂಜ್ಞೆಯನ್ನೇ ತಂತಿಯ ಮೂಲಕ ಹೃದಯಕ್ಕೆ ಕಳುಹಿಸಿದರೆ? ಅವರು ನಾಲ್ಕು ವಾರಗಳಲ್ಲಿ ಉಪಕರಣವನ್ನು ಮಾಡಿ ಮುಗಿಸಿದರು. ಚದರವಾದ, ಅಂಗೈಯಲ್ಲಿ ಹಿಡಿಯಬಹುದಾದ ಅಲ್ಯೂಮಿನಿಯಂ ಪೆಟ್ಟಿಗೆ. ಒಳಗೆ ಪಾದರಸದ ಪುಟ್ಟ ಬ್ಯಾಟರಿ. ಲಯವನ್ನೂ ಬಲವನ್ನೂ ಹೆಚ್ಚುಕಡಿಮೆ ಮಾಡಲು ಗುಂಡಿಗಳು. ಪ್ರತಿ ಸ್ಪಂದನಕ್ಕೂ ಮಿನುಗುವ ಒಂದು ನಿಯಾನ್ ದೀಪ. ದೀಪದ ಮಾತು ಕಿರಿದೆಂದು ಭಾವಿಸಬಾರದು. ಯಂತ್ರ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂಬುದು ದಾದಿಗೆ ಒಂದು ನೋಟದಲ್ಲಿ ತಿಳಿಯಬೇಕೆಂಬುದು, ಎಷ್ಟೋ ಸಲ ಕೆಟ್ಟ ಯಂತ್ರದ ಮುಂದೆ ಕುಳಿತು ‘ಯಾವಾಗ ನಿಂತಿತು?’ ಎಂದು ಕೇಳಿ ಉತ್ತರ ಪಡೆಯದೆ ಹೋದವನ ವಿವೇಕವೆಂದು ನಮಗೆ ತೋರುತ್ತದೆ.

ಪೆಟ್ಟಿಗೆಯನ್ನು ನಾಯಿಯೊಂದರ ಮೇಲೆ ಪರೀಕ್ಷಿಸಲು ಪ್ರಯೋಗಶಾಲೆಗೆ ಕೊಟ್ಟು ಬಂದ ಬ್ಯಾಕನ್ನರು ಮರುದಿನ ಬೇರೊಂದು ಕೆಲಸದ ಮೇಲೆ ಆಸ್ಪತ್ರೆಗೆ ಹೋದಾಗ, ಅದೇ ಪೆಟ್ಟಿಗೆ ಒಂದು ಮಗುವಿಗೆ ಜೋಡಿಸಿರುವುದನ್ನು ಕಂಡು ಬೆರಗಾದರು. ಇನ್ನೂ ಒಳ್ಳೆಯ ಯಂತ್ರಕ್ಕಾಗಿ ಕಾಯುತ್ತ ಕೈಗೆ ಬಂದುದನ್ನು ಬಳಸದೆ ಒಂದು ಮಗುವನ್ನೂ ಕಳೆದುಕೊಳ್ಳಲು ತಾವು ಸಿದ್ಧರಿಲ್ಲವೆಂಬುದು ಲಿಲೆಹೈಯವರ ನಿಲುವು. ಇಂದಿನ ನಿಯಮಗಳ ಪ್ರಕಾರ ಇದು ಸರ್ವಥಾ ಸಲ್ಲದು. ಆಗ ಅಂಥ ನಿಯಮಗಳಿರಲಿಲ್ಲ. ಅನಂತರ ಮಾರಾಟಕ್ಕೆ ಬಂದ ಬಿಳಿಯ ಪೆಟ್ಟಿಗೆಗಳಲ್ಲಿ ಗುಂಡಿಗಳನ್ನು ಒಳಕ್ಕೆ ತಗ್ಗಿಸಿ ಕೂಡಿಸಿದರು. ಹಾಸಿಗೆಯಲ್ಲಿ ಕುಳಿತ ಮಕ್ಕಳು ಕುತೂಹಲದಿಂದ ಅವುಗಳನ್ನು ತಿರುಗಿಸುತ್ತಿದ್ದುದೇ ಇದಕ್ಕೆ ಕಾರಣ.

ಹೃದಯಕ್ಕೆ ತಂತಿ ಹೊಲಿದ ಈ ಕ್ರಮ ಒಂದು ಹೊಸ ಅಪಾಯವನ್ನೂ ತಂದಿತು. ಇಲ್ಲಿ ಸ್ವಲ್ಪ ವಿವರಣೆ ಅಗತ್ಯ. ಒಣಗಿದ ಚರ್ಮ ವಿದ್ಯುತ್ತಿಗೆ ಒಳ್ಳೆಯ ತಡೆ. ಕೈಯ ಮೂಲಕ ಹಾಯುವ ಪ್ರವಾಹ ಸುಮಾರು ಒಂದು ಮಿಲಿ ಆಂಪಿಯರ್ ಆದಾಗ ಜುಮ್ಮೆನ್ನುವುದು ತಿಳಿಯುತ್ತದೆ. ಹೃದಯದ ಬಡಿತ ಅಸ್ತವ್ಯಸ್ತವಾಗಬೇಕಾದರೆ ಅದರ ಹತ್ತಾರು ಪಟ್ಟು ಬೇಕು. ಆದರೆ ತಂತಿಯೊಂದು ಹೃದಯವನ್ನೇ ಮುಟ್ಟಿದ್ದರೆ ಚರ್ಮದ ರಕ್ಷಣೆ ಇಲ್ಲವಾಗಿ, ಒಂದು ಮಿಲಿ ಆಂಪಿಯರಿನ ಹತ್ತನೆಯ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಕಡಿಮೆ, ಪ್ರಾಣಾಪಾಯಕ್ಕೆ ಸಾಕು. ಹೃದಯಕ್ಕೆ ನೇರವಾಗಿ ಜೋಡಿಸುವ ಉಪಕರಣಗಳಲ್ಲಿ ಸಾಮಾನ್ಯ ಸ್ಥಿತಿಯಲ್ಲಿ ಸೋರಬಹುದಾದ ಪ್ರವಾಹಕ್ಕೆ ಅಂತರರಾಷ್ಟ್ರೀಯ ಮಾನಕವು ೧೦ ಮೈಕ್ರೊ ಆಂಪಿಯರುಗಳ, ಎಂದರೆ ಒಂದು ಮಿಲಿ ಆಂಪಿಯರಿನ ನೂರನೆಯ ಒಂದು ಪಾಲಿನ, ಮಿತಿಯನ್ನು ವಿಧಿಸಿರುವುದು ಈ ಕಾರಣದಿಂದಲೇ. ಇಷ್ಟು ಅಲ್ಪವಾದ ಪ್ರವಾಹ ಮುಟ್ಟಿದವರ ಅರಿವಿಗೆ ಬರುವುದಿಲ್ಲ. ಯಂತ್ರದ ತಂತಿಯೊಳಗೆ ಭೂಮಿಗೆ ಸೇರುವ ಎಳೆ ಕಡಿದಿದ್ದರೂ ಯಂತ್ರ ಎಂದಿನಂತೆಯೇ ನಡೆಯುತ್ತಿರುತ್ತದೆ, ದೀಪ ಉರಿಯುತ್ತಿರುತ್ತದೆ, ಸೂಚಿ ಆಡುತ್ತಿರುತ್ತದೆ. ಅಳೆದು ನೋಡಿದವನಿಗೆ ಮಾತ್ರ ದೋಷ ಗೊತ್ತಾಗುತ್ತದೆ. ಕೆಟ್ಟ ಯಂತ್ರವನ್ನು ಸರಿಪಡಿಸುವುದು ಈ ವೃತ್ತಿಯ ಅರ್ಧ ಮಾತ್ರ. ಚೆನ್ನಾಗಿಯೇ ನಡೆಯುತ್ತಿರುವಂತೆ ಕಾಣುವ ಯಂತ್ರದಲ್ಲಿ ದೋಷವನ್ನು ಹುಡುಕುವುದು, ಔಷಧವನ್ನು ಹನಿಹನಿಯಾಗಿ ಊಡುವ ಪಂಪು ಗಂಟೆಗೆ ಹತ್ತು ಮಿಲಿಲೀಟರ್ ಎಂದು ತೋರಿಸುವಾಗ ನಿಜವಾಗಿಯೂ ಹತ್ತನ್ನೇ ಕೊಡುತ್ತಿದೆಯೇ ಎಂದು ಅಳೆಯುವುದು, ಇನ್ನರ್ಧ.

ಈ ಇನ್ನರ್ಧಕ್ಕೆ ಆಸ್ಪತ್ರೆಗಳಲ್ಲಿ ಮನ್ನಣೆ ದೊರೆತ ಬಗೆ ವಿಚಿತ್ರವಾದುದು. ಅಮೆರಿಕದ ಆಸ್ಪತ್ರೆಗಳಲ್ಲಿ ಪ್ರತಿವರ್ಷವೂ ಕನಿಷ್ಠ ೧,೨೦೦ ಮಂದಿ ವಿದ್ಯುದಾಘಾತದಿಂದ ಸಾಯುತ್ತಿದ್ದಾರೆಂದು ರಾಲ್ಫ್ ನೇಡರ್ ಅವರು ೧೯೭೧ರ ಮಾರ್ಚ್‌ನಲ್ಲಿ ಮಹಿಳಾ ಪತ್ರಿಕೆಯೊಂದರಲ್ಲಿ ಬರೆದರು. ದೇಶದಲ್ಲಿ ಗಾಬರಿಯುಂಟಾಯಿತು. ಆ ಸಂಖ್ಯೆಗೆ ತಕ್ಕ ಆಧಾರ ಅಂದೂ ದೊರೆಯಲಿಲ್ಲ, ಅನಂತರವೂ ದೊರೆಯಲಿಲ್ಲ. ಆದರೆ ಆಸ್ಪತ್ರೆಗಳು ಸ್ವಂತ ತಂತ್ರಜ್ಞರನ್ನು ನೇಮಿಸಿಕೊಂಡವು, ಉಪಕರಣಗಳ ಪಟ್ಟಿ ಮಾಡಿಸಿದವು, ನಿಯತಕಾಲದ ತಪಾಸಣೆಯನ್ನು ಆರಂಭಿಸಿದವು. ಒಂದು ಗೌರವಾನ್ವಿತ ವೃತ್ತಿಯು ರುಜುವಾತಾಗದ ಅಂಕಿಯೊಂದರ ಹೆಗಲೇರಿ ಬಂದಿತೆಂಬುದು, ಕಾರಣ ಮತ್ತು ಪರಿಣಾಮಗಳನ್ನು ಸರಳವಾಗಿ ಜೋಡಿಸಬಯಸುವ ನಮ್ಮಂಥವರಿಗೆ ಎಚ್ಚರಿಕೆಯಾಗಬೇಕು.

ನಮ್ಮ ದೇಶದ ವಿಷಯ ಹೇಳುವುದಾದರೆ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ೨೦೧೫ರಲ್ಲಿ ವೈದ್ಯೋಪಕರಣಗಳ ನಿರ್ವಹಣೆಯ ಕಾರ್ಯಕ್ರಮವೊಂದು ಆರಂಭವಾಯಿತು. ಅದಕ್ಕಾಗಿ ನಡೆದ ಗಣನೆಯಲ್ಲಿ ೨೯ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ೨೯,೧೧೫ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ೭,೫೬,೭೫೦ ಉಪಕರಣಗಳು ಲೆಕ್ಕಕ್ಕೆ ಸಿಕ್ಕವು; ಅವುಗಳ ಬೆಲೆ ಸುಮಾರು ೪,೫೬೪ ಕೋಟಿ ರೂಪಾಯಿ. ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿ, ಶೇಕಡ ೧೩ರಿಂದ ೩೪ರವರೆಗಿನ ಉಪಕರಣಗಳು ಕೆಲಸ ಮಾಡದ ಸ್ಥಿತಿಯಲ್ಲಿದ್ದವು. ಮೂರರಲ್ಲಿ ಒಂದು ಕೆಟ್ಟಿರುವುದೆಂದರೆ, ಆ ಭಾಗದ ಬಸುರಿ ಹೆಂಗಸೊಬ್ಬಳು ಜಿಲ್ಲಾ ಕೇಂದ್ರಕ್ಕೆ ಬಸ್ಸು ಹಿಡಿಯಬೇಕಾಯಿತೆಂದು ಅರ್ಥ. ಜಿಲ್ಲಾಸ್ಪತ್ರೆಗಳಲ್ಲಿ ಶೇಕಡ ೯೫ರಷ್ಟು ಕಾಲ, ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಶೇಕಡ ೯೦ರಷ್ಟು, ಪ್ರಾಥಮಿಕ ಕೇಂದ್ರಗಳಲ್ಲಿ ಶೇಕಡ ೮೦ರಷ್ಟು ಕಾಲ ಉಪಕರಣಗಳು ಸುಸ್ಥಿತಿಯಲ್ಲಿರಬೇಕೆಂದು ಕಾರ್ಯಕ್ರಮವು ಗೊತ್ತುಪಡಿಸಿತು. ಈ ಕ್ರಮದಲ್ಲಿಯೇ ಒಂದು ಧೋರಣೆಯಿದೆ: ಯಾವ ಯಂತ್ರ ಕೆಟ್ಟರೆ ದೂರ ಹೋಗಲಾರದ ಬಡವನಿಗೆ ಹೆಚ್ಚು ತೊಂದರೆಯೋ ಆ ಯಂತ್ರಕ್ಕೆ ಅತಿ ಕಡಿಮೆ ಗುರಿ.

ಕೆಟ್ಟುದೆಲ್ಲವೂ ಪರಿಣತರಿಂದಲೇ ಸರಿಯಾಗಬೇಕಾದ್ದಲ್ಲ. ಹನ್ನೊಂದು ದೇಶಗಳ ೬೦ ಬಡ ಆಸ್ಪತ್ರೆಗಳಿಂದ ಬಂದ ೨,೮೪೯ ದುರಸ್ತಿಯ ಕೋರಿಕೆಗಳನ್ನು ಪರಿಶೀಲಿಸಿ ರಾಬರ್ಟ್ ಮಾಲ್ಕಿನ್ ಮತ್ತು ಕೀನ್ ಎಂಬ ವಿದ್ವಾಂಸರು ೨೦೧೦ರಲ್ಲಿ ಪ್ರಕಟಿಸಿದ ಲೇಖನವೊಂದುಂಟು. ಕೇವಲ ೧೦೭ ಕೌಶಲಗಳನ್ನು ಕಲಿಸಿದರೆ, ಎಂಜಿನಿಯರಿಂಗ್ ಪದವಿಯಿಲ್ಲದ ಸ್ಥಳೀಯ ಕೆಲಸಗಾರನೂ ಕೆಟ್ಟು ನಿಂತ ಯಂತ್ರಗಳ ಪೈಕಿ ಶೇಕಡ ೬೬ರಷ್ಟನ್ನು ಮತ್ತೆ ನಡೆಸಬಲ್ಲನೆಂಬುದು ಅವರ ನಿರ್ಣಯ. ವಿದ್ಯುತ್ ಸರಬರಾಜು, ಕೊಳಾಯಿಯ ಕೆಲಸ, ಮೋಟಾರು, ಬಳಸುವವರಿಗೆ ಸರಿಯಾಗಿ ತೋರಿಸಿಕೊಡುವುದು, ಇಂಥವೇ ಆ ಕೌಶಲಗಳು. ನಮ್ಮಲ್ಲಿ ವೈದ್ಯೋಪಕರಣಗಳ ಎಂಜಿನಿಯರಿಂಗ್ ಪದವಿಯನ್ನು ಬೆಂಗಳೂರಿನ ಕಾಲೇಜುಗಳಲ್ಲಿಯೂ ಬೋಧಿಸುತ್ತಾರೆ. ಪದವೀಧರನಿಗೆ ಕಂಪೆನಿಯ ಕೆಲಸ ಸಿಕ್ಕೀತು. ತಾಲ್ಲೂಕಿನ ಆಸ್ಪತ್ರೆಗೆ ಬೇಕಾದವನು ಮೇಲಿನ ೧೦೭ನ್ನು ಬಲ್ಲವನು.

ಹೊಸ ತೊಡಕೊಂದು ಈ ಶತಮಾನದಲ್ಲಿ ಬಂದಿದೆ. ಯಂತ್ರದೊಳಗೆ ಗಣಕದ ಕ್ರಮವಿಧಿ ಸೇರಿದ ಮೇಲೆ, ಸಂಕೇತಪದವಿಲ್ಲದೆ ದೋಷದ ದಾಖಲೆಯನ್ನು ಓದುವುದೇ ಅಸಾಧ್ಯವಾಗಿ, ದುರಸ್ತಿಯು ತಯಾರಕರ ಅಪ್ಪಣೆಗೆ ಒಳಪಡುವಂತಾಯಿತು. ಅಮೆರಿಕದಲ್ಲಿ ಇಂಥ ಬೀಗವನ್ನು ದುರಸ್ತಿಗಾಗಿ ತೆರೆಯುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂಬ ವಿನಾಯಿತಿ ವೈದ್ಯೋಪಕರಣಗಳಿಗೆ ದೊರೆತದ್ದು ೨೦೨೧ರ ಅಕ್ಟೋಬರ್‌ನಲ್ಲಿ. ಅದಕ್ಕೆ ಒಂದೂವರೆ ವರ್ಷ ಮೊದಲು, ಕೋವಿಡ್ ಪಿಡುಗು ಹಬ್ಬಿದಾಗ, ಷೆಡ್ಡಿನಲ್ಲಿ ಹುಟ್ಟಿದ ಮೆಡ್‌ಟ್ರಾನಿಕ್ ಸಂಸ್ಥೆಯೇ ತನ್ನ ಒಂದು ಉಸಿರಾಟದ ಯಂತ್ರದ ವಿನ್ಯಾಸವನ್ನೂ ದುರಸ್ತಿಯ ಕೈಪಿಡಿಯನ್ನೂ ಎಲ್ಲರಿಗೂ ದೊರೆಯುವಂತೆ ಪ್ರಕಟಿಸಿತ್ತು. ಬ್ಯಾಕನ್ನರು ಅದನ್ನು ನೋಡಲು ಇರಲಿಲ್ಲ, ೨೦೧೮ರಲ್ಲಿ ತೀರಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ಅವರ ಎದೆಯೊಳಗೂ ಒಂದು ಪೇಸ್‌ಮೇಕರ್ ಇದ್ದಿತು.

ಈ ವಿಷಯದಲ್ಲಿ ಸಂಶೋಧನೆ ಮಾಡಬಯಸುವ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಹಳೆಯ ಆಸ್ಪತ್ರೆಗಳ ದಾಸ್ತಾನು ವಹಿಗಳು, ದುರಸ್ತಿಯ ಬಿಲ್ಲುಗಳು, ನಿರುಪಯುಕ್ತವೆಂದು ಸಾಮಾನುಗಳನ್ನು ತಳ್ಳಿಹಾಕಿದ ಪಟ್ಟಿಗಳು ಸಾಮಾನ್ಯವಾಗಿ ಯಾರೂ ಕೇಳದ ಕಾಗದಗಳು. ಯಂತ್ರ ಬಂದ ತಾರೀಖು, ಅದು ಮೊದಲು ಕೆಟ್ಟ ತಾರೀಖು, ಸರಿಪಡಿಸಿದ ತಾರೀಖು ಈ ಮೂರನ್ನು ಅವುಗಳಿಂದ ಹೆಕ್ಕಿ ಪಕ್ಕಪಕ್ಕದಲ್ಲಿ ಬರೆದುಕೊಂಡರೆ, ವಾರ್ಷಿಕ ವರದಿಯಲ್ಲಿ ಕಾಣದ ಆಸ್ಪತ್ರೆಯೊಂದು ಕಾಣತೊಡಗುತ್ತದೆ. ಕೆಟ್ಟದ್ದಕ್ಕೂ ಸರಿಯಾದದ್ದಕ್ಕೂ ನಡುವೆ ಕಳೆದ ದಿನಗಳ ಲೆಕ್ಕವನ್ನು ಹೊರರೋಗಿಗಳ ವಹಿಯೊಡನೆ ಹೋಲಿಸಿ ನೋಡುವುದು ಎರಡನೆಯ ಹೆಜ್ಜೆ. ಬಿಲ್ಲಿನ ಕೆಳಗೆ ರುಜು ಹಾಕಿದವನ ಹೆಸರನ್ನು ಬರೆದುಕೊಳ್ಳುವುದನ್ನೂ ಬಿಡಬಾರದು.